ಟಿವಿ ಶೋಕೇಸಿನೊಳಗಿನ ಕಂಪ್ಯೂಟರ್ ಅಷ್ಟೇಕೆ ಸದ್ದು ಮಾಡುತ್ತದೆ?

ಹಳೆಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಎರಡು ಸ್ಪೀಕರ್ ಇಟ್ಟು, ಮನೆಯ ಹಾಲನ್ನೇ ಪುಟ್ಟ ಚಿತ್ರಮಂದಿರ ಮಾಡಿಕೊಳ್ಳುವವರು ಬಹಳ ಜನ ಇದ್ದಾರೆ. ನಾನೂ ಹಾಗೇ ಮಾಡಿದ್ದೆ. ನೋಡಲು ಅಂದವಾಗಿರಲಿ ಎಂದು ಕಂಪ್ಯೂಟರನ್ನು ಟಿವಿ ಶೋಕೇಸಿನ ಕೆಳಗಿನ ಗೂಡಿನಲ್ಲಿಟ್ಟು ಬಾಗಿಲು ಹಾಕಿದ್ದೆ. ಸಿನಿಮಾ ಶುರುವಾಗಿ ಕಾಲು ಗಂಟೆ ಕಳೆಯುವಷ್ಟರಲ್ಲಿ ಒಳಗಿನಿಂದ ಗುಂಯ್ ಎಂಬ ಸದ್ದು ಏಳತೊಡಗಿತು. "ಏನೋ ಇದು, ಟಿವಿ ಕೆಳಗೆ ಮಿಕ್ಸಿ ಇಟ್ಟಿದ್ದೀಯಾ?" ಎಂದು ಅಮ್ಮ ಕೇಳಿದರು.

ಅಮ್ಮನ ಪ್ರಶ್ನೆ ತಮಾಷೆಯದಾಗಿದ್ದರೂ ತೊಂದರೆ ನಿಜವಾದದ್ದೇ. ವಯಸ್ಸಾದಂತೆ ಕಿವಿಗೆ ಮೊದಲು ಕೇಳಿಸದೆ ಹೋಗುವುದು ಹೆಚ್ಚಿನ ಕಂಪನಾಂಕದ ಸದ್ದುಗಳು. ಸ, ಶ, ತ, ಫ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಅಲ್ಲೇ. ಮಾತಿನಲ್ಲಿ ಈ ವ್ಯಂಜನಗಳು ಸ್ವರಗಳಿಗಿಂತ ಮೆಲ್ಲಗಿರುತ್ತವೆ. ಫ್ಯಾನಿನ ಶಬ್ದ ಅವುಗಳ ಮೇಲೆ ಪರದೆಯಂತೆ ಬಿದ್ದರೆ ಮಾತು ಕೇಳಿಸುತ್ತದೆ, ಆದರೆ ಏನು ಹೇಳಿದರು ಎಂಬುದು ತಿಳಿಯುವುದಿಲ್ಲ. ಆಗ ನಾವು ವಾಲ್ಯೂಮ್ ಏರಿಸುತ್ತೇವೆ. ಪಕ್ಕದ ಕೋಣೆಯಲ್ಲಿ ಓದುತ್ತಿರುವ ಮಕ್ಕಳು ಗೊಣಗುತ್ತಾರೆ.

ಹಾಗಾದರೆ ಕಂಪ್ಯೂಟರ್ ತಂಪಾಗಿರಬೇಕೆಂದರೆ ಸದ್ದನ್ನು ಸಹಿಸಿಕೊಳ್ಳಲೇಬೇಕೇ? ಬಹಳ ಜನ ಹಾಗೆಂದೇ ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ. ಸದ್ದು ಹೆಚ್ಚಾಗಿದೆಯೆಂದರೆ, ಬಹುತೇಕ ಸಂದರ್ಭಗಳಲ್ಲಿ, ಬಿಸಿ ಹೊರಹೋಗುವ ದಾರಿಯಲ್ಲಿ ಎಲ್ಲೋ ಅಡಚಣೆ ಇದೆ ಎಂದರ್ಥ. ಆ ಅಡಚಣೆ ತೆಗೆದರೆ ತಂಪು, ನಿಶ್ಶಬ್ದ ಎರಡೂ ಒಟ್ಟಿಗೇ ಸಿಗುತ್ತವೆ. ಹೇಗೆ ಎಂದು ಒಂದೊಂದಾಗಿ ನೋಡೋಣ.

ಬಿಸಿ ಎಲ್ಲಿಂದ ಬರುತ್ತದೆ?

ಕಂಪ್ಯೂಟರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 60 ವ್ಯಾಟ್ ಬಳಸುವ ಕಂಪ್ಯೂಟರ್, ಶಾಖದ ಲೆಕ್ಕದಲ್ಲಿ, ಶೋಕೇಸಿನೊಳಗೆ 60 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ಉರಿಸಿಟ್ಟಂತೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಫ್ಯಾನ್ ಕೊಳ್ಳಲಿ?' ಎಂಬುದಲ್ಲ, 'ಇಷ್ಟು ಶಾಖ ಹುಟ್ಟುವ ಅಗತ್ಯವಿದೆಯೇ?' ಎಂಬುದು.

ಸಿನಿಮಾ ತೋರಿಸುವುದು ಇಂದಿನ ಕಂಪ್ಯೂಟರಿಗೆ ಭಾರಿ ಕೆಲಸವೇನಲ್ಲ. ವಿಡಿಯೊ ಕಡತಗಳನ್ನು ಒತ್ತಿ ಚಿಕ್ಕದು ಮಾಡಿ ಇಟ್ಟಿರುತ್ತಾರೆ; ನೋಡುವಾಗ ಅವನ್ನು ಬಿಡಿಸಬೇಕು. ಈ ಬಿಡಿಸುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್ಪಿನಲ್ಲಿ ಪ್ರತ್ಯೇಕ ಭಾಗವೊಂದಿರುತ್ತದೆ. ಅದು ಅತಿ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅದಕ್ಕೆ ಗೊತ್ತಿಲ್ಲದ ವಿಧಾನದಲ್ಲಿ ಒತ್ತಿದ ವಿಡಿಯೊ ಬಂದರೆ ಹೊರೆಯೆಲ್ಲ ಮುಖ್ಯ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಎಚ್‌ಇವಿಸಿ ಎಂಬ ವಿಧಾನ ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಇಂಟೆಲ್ ಪ್ರೊಸೆಸರುಗಳಲ್ಲಿ ಎವಿ1 ಬಿಡಿಸುವ ಭಾಗ ಸೇರಿದ್ದು 2020ರ 11ನೇ ತಲೆಮಾರಿನಿಂದ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಎವಿ1 ವಿಡಿಯೊ ನೋಡಿದರೆ ಪ್ರೊಸೆಸರ್ ಬೆವರು ಹರಿಸಿ ದುಡಿಯುತ್ತದೆ, ಫ್ಯಾನ್ ಕೂಗುತ್ತದೆ.

ನಿಮ್ಮಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಸುಲಭ. ವಿಂಡೋಸ್‌ನಲ್ಲಿ ಸಿನಿಮಾ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಜಿಪಿಯು ಪುಟದಲ್ಲಿ 'ವಿಡಿಯೊ ಡಿಕೋಡ್' ಎಂಬ ಗೆರೆಯನ್ನು ನೋಡಿ. ಅದು ಮೇಲೆದ್ದಿದ್ದು ಸಿಪಿಯು ಶಾಂತವಾಗಿದ್ದರೆ ಎಲ್ಲ ಸರಿಯಿದೆ. ಅದು ಸೊನ್ನೆಯಲ್ಲೇ ಇದ್ದು ಸಿಪಿಯು ಏರುತ್ತಿದ್ದರೆ, ಪ್ಲೇಯರಿನಲ್ಲಿ 'ಹಾರ್ಡ್‌ವೇರ್ ಡಿಕೋಡಿಂಗ್' ಆಯ್ಕೆ ಬಂದ್ ಆಗಿದೆ, ಇಲ್ಲವೇ ನಿಮ್ಮ ಚಿಪ್ಪಿಗೆ ಆ ವಿಧಾನ ಬಾರದು ಎಂದರ್ಥ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಆಯ್ಕೆ ಬಂದ್ ಆಗಿತ್ತು. ಅದನ್ನು ಚಾಲೂ ಮಾಡಿದ್ದೇ ಸದ್ದು ಅರ್ಧಕ್ಕರ್ಧ ಇಳಿದಂತಾಯಿತು. ಖರ್ಚಾದದ್ದು ಸೊನ್ನೆ ರೂಪಾಯಿ.

ಇನ್ನೊಂದು ಉಪಾಯವೂ ಇದೆ. ಪ್ರೊಸೆಸರಿನ ವಿದ್ಯುತ್ ಬಳಕೆ ಅದರ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಮತ್ತು ವೋಲ್ಟೇಜ್ ಎರಡನ್ನೂ ಶೇ. 10ರಷ್ಟು ಇಳಿಸಿದರೆ ಈ ಬಳಕೆ ಸುಮಾರು ಶೇ. 27ರಷ್ಟು ಇಳಿಯುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು ಶೇ. 100ರ ಬದಲು ಶೇ. 99 ಎಂದಿಟ್ಟರೆ ಹಲವು ಕಂಪ್ಯೂಟರುಗಳಲ್ಲಿ ಟರ್ಬೊ ಓಟ ನಿಂತುಬಿಡುತ್ತದೆ. ಸಿನಿಮಾ ನೋಡುವಾಗ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ.

ಮುಚ್ಚಿದ ಗೂಡಿನ ಲೆಕ್ಕ

ಈಗ ಶೋಕೇಸಿಗೆ ಬರೋಣ. ಗೂಡು 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳ, 30 ಸೆಂ.ಮೀ. ಎತ್ತರ ಇದೆ ಎಂದುಕೊಳ್ಳಿ. ಅದರಲ್ಲಿ ಹಿಡಿಯುವುದು 72 ಲೀಟರ್ ಗಾಳಿ. ಅಷ್ಟು ಗಾಳಿಯ ತೂಕ 100 ಗ್ರಾಮಿಗಿಂತ ಕಡಿಮೆ! ಅದಕ್ಕೆ 60 ವ್ಯಾಟ್ ಶಾಖವೆಲ್ಲ ಸೇರಿದರೆ ಸುಮಾರು 15 ಸೆಕೆಂಡಿನಲ್ಲೇ ಅದರ ಉಷ್ಣತೆ 10 ಡಿಗ್ರಿ ಏರಬೇಕು. ವಾಸ್ತವದಲ್ಲಿ ಕಂಪ್ಯೂಟರಿನ ಲೋಹ, ಗೂಡಿನ ಗೋಡೆಗಳು ಒಂದಷ್ಟು ಶಾಖ ಹೀರಿಕೊಳ್ಳುವುದರಿಂದ ಇದು ನಿಧಾನವಾಗುತ್ತದೆ. ನಮ್ಮ ಮನೆಯಲ್ಲಿ ಸದ್ದು ಶುರುವಾಗಲು ಕಾಲು ಗಂಟೆ ಹಿಡಿದದ್ದು ಇದರಿಂದಲೇ. ಆದರೆ ಗೋಡೆಗಳೂ ಒಮ್ಮೆ ಬಿಸಿಯಾದ ಮೇಲೆ ಶಾಖಕ್ಕೆ ಹೋಗಲು ಜಾಗವಿಲ್ಲ. ಪ್ಲೈವುಡ್ ಎಂಥ ಕಳಪೆ ಶಾಖವಾಹಕ ಎಂದರೆ, ಅಲ್ಯೂಮಿನಿಯಂ ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ.

ಇಂಥ ಗೂಡಿನೊಳಗೆ ಎಷ್ಟು ಒಳ್ಳೆಯ ಫ್ಯಾನ್ ಹಾಕಿದರೂ ಅದು ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಕಲಕುತ್ತಿರುತ್ತದೆ. ಬೇಸಿಗೆಯಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗಿದ ಹಾಗೆ. ನಮಗಾದರೆ ಬೆವರು ಆರಿ ತುಸು ಹಾಯೆನಿಸುತ್ತದೆ. ಕಂಪ್ಯೂಟರಿಗೆ ಬೆವರಿಲ್ಲವಲ್ಲ!

ಹಾಗಾದರೆ ಎಷ್ಟು ಗಾಳಿ ಬೇಕು? ಒಳಬಂದ ಗಾಳಿ ಹೊರಹೋಗುವಾಗ 10 ಡಿಗ್ರಿಯಷ್ಟು ಮಾತ್ರ ಬಿಸಿಯಾಗಿರಬೇಕೆಂದರೆ, 60 ವ್ಯಾಟಿಗೆ ಸೆಕೆಂಡಿಗೆ ಸುಮಾರು 5 ಲೀಟರ್ ಗಾಳಿ ಸಾಕು. 20 ಲೀಟರಿನ ಬಕೆಟಿನ ಲೆಕ್ಕದಲ್ಲಿ, ನಾಲ್ಕು ಸೆಕೆಂಡಿಗೆ ಒಂದು ಬಕೆಟ್ ಗಾಳಿ. ಇದೇನೂ ಬಿರುಗಾಳಿಯಲ್ಲ. ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಒಂದೇ ಇದನ್ನು ಮಾಡಬಲ್ಲದು. ಷರತ್ತು ಒಂದೇ: ಗಾಳಿಗೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಇರಬೇಕು.

ನಮ್ಮ ಹಳೆಯ ಹೆಂಚಿನ ಮನೆಗಳ ಅಡುಗೆಮನೆ ನೆನಪಿಸಿಕೊಳ್ಳಿ. ಕೆಳಗೆ ಬಾಗಿಲು, ಮೇಲೆ ಗವಾಕ್ಷಿ. ತಣ್ಣನೆಯ ಗಾಳಿ ಕೆಳಗಿನಿಂದ ಬಂದು, ಬಿಸಿಯಾಗಿ, ಹೊಗೆಯನ್ನೂ ಹೊತ್ತುಕೊಂಡು ಮೇಲಿನಿಂದ ಹೋಗುತ್ತಿತ್ತು. ಶೋಕೇಸಿಗೂ ಇದೇ ಉಪಾಯ ಸಾಕು. ಹಿಂಬದಿಯ ತೆಳು ಪ್ಲೈ ಹಲಗೆಯನ್ನು ಬಿಚ್ಚಿಬಿಡಿ, ಅಥವಾ ಅದರ ಮೇಲ್ಭಾಗದಲ್ಲಿ ಅಗಲವಾದ ತೂತು ಮಾಡಿಸಿ. ಮುಂಬದಿಯಲ್ಲಿ ಕೆಳಗೆ ಜಾಗ ಬಿಡಿ. ಗಾಜಿನ ಬಾಗಿಲಿದ್ದರೆ ಸಿನಿಮಾ ನೋಡುವಾಗ ತೆರೆದಿಡಿ. ಶೋಕೇಸನ್ನು ಗೋಡೆಗೆ ಅಂಟಿಸದೆ ಒಂದು ಗೇಣಿನಷ್ಟು ಮುಂದಕ್ಕೆ ಎಳೆಯಿರಿ. ಕಂಪ್ಯೂಟರಿನ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರೆ ಅದನ್ನು ಮೊದಲು ತೆಗೆಯಿರಿ.

ದೊಡ್ಡ ಫ್ಯಾನ್ ಯಾಕೆ ಮೆಲ್ಲಗೆ ಮಾತಾಡುತ್ತದೆ?

ಫ್ಯಾನಿನ ವೇಗಕ್ಕೂ ಸದ್ದಿಗೂ ಇರುವ ನಂಟು ಸ್ವಾರಸ್ಯಕರವಾದದ್ದು. ವೇಗ ಅರ್ಧವಾದರೆ ಗಾಳಿಯ ಹರಿವೂ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಅಂದರೆ ಗಾಳಿಯಲ್ಲಿ ಕಳೆದುಕೊಂಡದ್ದು ಅರ್ಧ, ಸದ್ದಿನಲ್ಲಿ ಗಳಿಸಿದ್ದು ಅದಕ್ಕಿಂತ ಹೆಚ್ಚು.

ಗಾತ್ರದ ಲಾಭ ಇನ್ನೂ ದೊಡ್ಡದು. ಒಂದೇ ವಿನ್ಯಾಸದ, ಒಂದೇ ವೇಗದ ಎರಡು ಫ್ಯಾನುಗಳಲ್ಲಿ ಗಾಳಿಯ ಹರಿವು ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. 80 ಮಿ.ಮೀ. ಫ್ಯಾನಿಗಿಂತ 120 ಮಿ.ಮೀ. ಫ್ಯಾನ್ ಮೂರು ಪಟ್ಟಿಗಿಂತ ಹೆಚ್ಚು ಗಾಳಿ ತಳ್ಳುತ್ತದೆ. ಅಷ್ಟೇ ಗಾಳಿ ಸಾಕೆಂದರೆ ಅದು ಮೂರನೇ ಒಂದು ಭಾಗದ ವೇಗದಲ್ಲಿ ತಿರುಗಿದರೂ ನಡೆಯುತ್ತದೆ. ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು ಕೆಲವೊಮ್ಮೆ ದೊಡ್ಡ ಕ್ಯಾಬಿನೆಟ್‌ಗಳಿಗಿಂತ ಜೋರಾಗಿ ಕೀಚಲು ದನಿ ತೆಗೆಯುವುದು ಇದೇ ಕಾರಣಕ್ಕೆ: ಅವುಗಳ ಪುಟಾಣಿ ಫ್ಯಾನ್ ಬಹಳ ವೇಗವಾಗಿ ತಿರುಗಬೇಕಾಗುತ್ತದೆ.

ಸದ್ದಿನ ಪ್ರಮಾಣದಷ್ಟೇ ಅದರ ಬಗೆಯೂ ಮುಖ್ಯ. ಹೊರಗೆ ಜೋರು ಮಳೆ ಸುರಿಯುತ್ತಿದ್ದರೂ ನಾವು ನಿದ್ದೆ ಹೋಗುತ್ತೇವೆ, ಕಿವಿಯ ಬಳಿ ಒಂದು ಸೊಳ್ಳೆ ಬಂದರೆ ಎಚ್ಚರವಾಗುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಮಿದುಳು ಬದಿಗಿಡುತ್ತದೆ. ಏರಿಳಿಯುವ ಸದ್ದು, ಒಂದೇ ಸ್ವರದ ಕೀಚಲು ಸದ್ದು ಗಮನವನ್ನು ಎಳೆಯುತ್ತವೆ. ಹಾಗಾಗಿ ಬಯಾಸ್‌ನಲ್ಲಿ ಫ್ಯಾನ್ ವೇಗದ ಹೊಂದಾಣಿಕೆ ಇದ್ದರೆ, ಪ್ರೊಸೆಸರ್ ಕ್ಷಣಕಾಲ ಬಿಸಿಯಾದ ಕೂಡಲೇ ಫ್ಯಾನ್ ಹಾರಿಬೀಳದಂತೆ, ಸುಮಾರು 65 ಡಿಗ್ರಿಯವರೆಗೆ ಒಂದೇ ಕಡಿಮೆ ವೇಗದಲ್ಲಿ ಇರುವಂತೆ ಮಾಡಿ. ಅಲ್ಲಿಂದ ಮುಂದೆ ಮಾತ್ರ ಏರಲಿ.

ಕಂಪನ: ಶೋಕೇಸೇ ತಂಬೂರಿಯ ಬುರುಡೆಯಾದಾಗ

ಫ್ಯಾನ್ ಮೆಲ್ಲಗಾದ ಮೇಲೂ ಒಂದು ಗುಂಗುಡುವ ಸದ್ದು ಉಳಿದರೆ ಅದು ಹಾರ್ಡ್ ಡಿಸ್ಕಿನದಾಗಿರಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಬಾರಿ ಕಂಪಿಸುತ್ತದೆ. ಡಿಸ್ಕ್ ಒಂದೇ ಆದರೆ ಸದ್ದು ಚಿಕ್ಕದು. ಆದರೆ ಆ ಕಂಪನ ಕ್ಯಾಬಿನೆಟ್ಟಿನ ತಗಡಿಗೆ, ಅಲ್ಲಿಂದ ಶೋಕೇಸಿನ ಹಲಗೆಗೆ ದಾಟಿದರೆ ಹಲಗೆಯೆಲ್ಲ ನಡುಗಿ ಸದ್ದು ದೊಡ್ಡದಾಗುತ್ತದೆ. ತಂಬೂರಿಯ ತಂತಿಗೆ ಬುರುಡೆ ಮಾಡುವ ಕೆಲಸವನ್ನೇ ಇಲ್ಲಿ ಹಲಗೆ ಮಾಡುತ್ತದೆ.

ಇದು ಹಲಗೆಯದೇ ಕೆಲಸವೇ ಎಂದು ತಿಳಿಯಲು, ಕಂಪ್ಯೂಟರ್ ಓಡುತ್ತಿರುವಾಗ ಶೋಕೇಸಿನ ಮೇಲೆ ಅಂಗೈಯನ್ನು ಒತ್ತಿಹಿಡಿಯಿರಿ. ಸದ್ದು ಬದಲಾದರೆ ಹೌದು ಎಂದರ್ಥ. ಕ್ಯಾಬಿನೆಟ್ಟಿನ ಕಾಲುಗಳ ಕೆಳಗೆ ಮೆತ್ತನೆಯ ರಬ್ಬರ್ ತುಂಡುಗಳನ್ನಿಡಿ, ಡಿಸ್ಕಿನ ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿಸಿ. ಇನ್ನೂ ಒಳ್ಳೆಯದೆಂದರೆ, ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಮಾತ್ರ ಇಟ್ಟು, ಸಿನಿಮಾ ತುಂಬಿದ ದೊಡ್ಡ ಡಿಸ್ಕನ್ನು ಬೇರೆ ಕೋಣೆಯಲ್ಲಿಟ್ಟು ನೆಟ್‌ವರ್ಕ್ ಮೂಲಕ ನೋಡುವುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಕಂಪನವೂ ಇಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

"ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿಟ್ಟರೆ ಚೆನ್ನಾಗಿ ತಂಪಾಗುತ್ತದೆ." ಕೆಲವೊಮ್ಮೆ ಉಷ್ಣತೆ ಇಳಿಯುತ್ತದೆ, ನಿಜ. ಆದರೆ ಮುಂದಿನಿಂದ ಹಿಂದಕ್ಕೆ ಸಾಗುವ ಗಾಳಿಯ ದಾರಿ ತಪ್ಪುತ್ತದೆ, ದೂಳು ನೇರವಾಗಿ ಒಳಸೇರುತ್ತದೆ, ಸದ್ದೂ ನೇರವಾಗಿ ಹೊರಬರುತ್ತದೆ. ಇದನ್ನು ಒಂದು ಪರೀಕ್ಷೆಯಾಗಿ ಬಳಸಿ. ತಗಡು ತೆಗೆದ ಕೂಡಲೇ ಉಷ್ಣತೆ ಬಹಳ ಇಳಿದರೆ, ಗಾಳಿ ಒಳಬರುವ ಕಿಂಡಿಯಲ್ಲಿ ದೂಳು ಕಟ್ಟಿದೆ ಎಂದು ತಿಳಿಯಿರಿ.

"ಫ್ಯಾನ್ ಹೆಚ್ಚಾದಷ್ಟೂ ಸದ್ದು ಹೆಚ್ಚು." ಒಂದೇ ವೇಗದಲ್ಲಿ ಒಂದರ ಬದಲು ಎರಡು ಫ್ಯಾನ್ ತಿರುಗಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಎರಡು ಫ್ಯಾನುಗಳನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ, ಹೆಚ್ಚು ಕಡಿಮೆ ಅಷ್ಟೇ ಗಾಳಿ ಸಿಕ್ಕರೂ ಒಟ್ಟು ಸದ್ದು ಸುಮಾರು 12 ಡೆಸಿಬೆಲ್ ಕಡಿಮೆಯಾಗುತ್ತದೆ. ಆದರೆ ಗಾಳಿ ಹೋಗಲು ದಾರಿಯೇ ಇಲ್ಲದ ಗೂಡಿನಲ್ಲಿ ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ.

"ಥರ್ಮಲ್ ಪೇಸ್ಟ್ ದಪ್ಪಗೆ ಹಚ್ಚಬೇಕು." ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ. ಪೇಸ್ಟಿನ ಕೆಲಸ ಆ ತಗ್ಗುಗಳನ್ನು ತುಂಬುವುದಷ್ಟೇ. ಅದು ಗಾಳಿಗಿಂತ ಒಳ್ಳೆಯ ವಾಹಕ, ಲೋಹಕ್ಕಿಂತ ಬಹಳ ಕಳಪೆ. ದಪ್ಪಗೆ ಹಚ್ಚಿದರೆ ಅದೇ ಒಂದು ಅಡ್ಡಗೋಡೆ. ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರಿಗೆ ತೊಗರಿಕಾಳಿನಷ್ಟು ಸಾಕು. ಆದರೆ ಹಲವು ವರ್ಷ ಕಳೆದಾಗ ಅದು ಒಣಗಿ ಬಿರುಕು ಬಿಡುತ್ತದೆ. ಆಗ ಹಳೆಯದನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಬೇಕು.

"70 ಡಿಗ್ರಿ ಅಂದರೆ ಸುಟ್ಟೇ ಹೋಗುತ್ತದೆ." ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂಬ ನೆನಪಿನಿಂದ ಹುಟ್ಟಿದ ಭಯ ಇದು. ಇಂದಿನ ಹೆಚ್ಚಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಆಸುಪಾಸಿನವರೆಗೂ ತಡೆದುಕೊಳ್ಳುತ್ತವೆ; ಆ ಮಿತಿ ಮುಟ್ಟಿದರೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. 60–70 ಡಿಗ್ರಿಯಲ್ಲಿ ಸಿನಿಮಾ ತೋರಿಸುತ್ತಿದ್ದರೆ ಗಾಬರಿ ಬೇಡ. ಅದನ್ನು 45ಕ್ಕೆ ಇಳಿಸಲು ಫ್ಯಾನನ್ನು ಕೂಗಿಸುವುದು ವ್ಯರ್ಥ. ಹಾರ್ಡ್ ಡಿಸ್ಕಿನ ವಿಷಯ ಬೇರೆ. ಅದಕ್ಕೆ ಅಷ್ಟು ಬಿಸಿ ಒಗ್ಗುವುದಿಲ್ಲ, 50 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು.

"ದೊಡ್ಡ ಕೂಲರ್ ಹಾಕಿದರೆ ಕೋಣೆಯೂ ತಂಪಾಗುತ್ತದೆ." ಆಗುವುದಿಲ್ಲ. ಕೂಲರ್ ಶಾಖವನ್ನು ನಾಶ ಮಾಡುವುದಿಲ್ಲ, ಚಿಪ್ಪಿನಿಂದ ಕೋಣೆಗೆ ಸಾಗಿಸುತ್ತದೆ ಅಷ್ಟೆ. ನೀರು ಹರಿಸುವ ಕೂಲರ್ ಕೂಡ ಕೊನೆಗೆ ಶಾಖವನ್ನು ಗಾಳಿಗೇ ಬಿಡಬೇಕು. ಅದಕ್ಕೂ ಫ್ಯಾನ್ ಬೇಕು, ಜೊತೆಗೆ ನೀರು ಓಡಿಸುವ ಪಂಪಿನ ಸದ್ದು ಬೇರೆ.

ರಾಯಚೂರಿನ ಮೇ ತಿಂಗಳು

ಗಾಳಿಯಿಂದ ತಂಪಾಗುವ ಯಾವ ಯಂತ್ರವೂ ಕೋಣೆಗಿಂತ ತಣ್ಣಗಾಗಲಾರದು. ಚಿಪ್ಪಿನ ಉಷ್ಣತೆ ಎಂದರೆ ಕೋಣೆಯ ಉಷ್ಣತೆ ಮತ್ತು ಅದರ ಮೇಲಿನ ಏರಿಕೆ, ಇವೆರಡರ ಮೊತ್ತ. ಕೆಲಸ ಅಷ್ಟೇ ಇದ್ದು, ಫ್ಯಾನ್ ಅದೇ ವೇಗದಲ್ಲಿದ್ದರೆ ಏರಿಕೆಯೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಜನವರಿಯಲ್ಲಿ ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 60 ಡಿಗ್ರಿ ತೋರಿಸುವ ಚಿಪ್, ಮೇ ತಿಂಗಳಲ್ಲಿ ರಾಯಚೂರಿನದೋ ಕಲಬುರಗಿಯದೋ 40 ಡಿಗ್ರಿಯ ಕೋಣೆಯಲ್ಲಿ 75 ತೋರಿಸುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಫ್ಯಾನ್ ವೇಗ ಹೊಂದಿಸಿದವರು 15 ಡಿಗ್ರಿಯಷ್ಟು ಅವಕಾಶ ಉಳಿಸಿಕೊಂಡಿರಬೇಕು. ಬೇಸಿಗೆಯಲ್ಲಿ ಹೇಗೂ ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ. ಅದರ ಸದ್ದಿನಲ್ಲಿ ಕಂಪ್ಯೂಟರಿನ ಸಣ್ಣ ಏರಿಕೆ ಕೇಳಿಸುವುದಿಲ್ಲ. ನಿಶ್ಶಬ್ದ ಹೆಚ್ಚು ಬೇಕಾಗುವುದು ಫ್ಯಾನ್ ಆರಿಸಿದ ಚಳಿಗಾಲದ ರಾತ್ರಿಗಳಲ್ಲಿ. ಆಗ ಕೋಣೆಯೇ ತಂಪಾಗಿದ್ದು ನಮಗೆ ಸಹಾಯ ಮಾಡುತ್ತದೆ.

ದೂಳು ತೆಗೆಯುವಾಗ ಎಚ್ಚರ

ಹೀಟ್‌ಸಿಂಕಿನ ಹಲ್ಲುಗಳ ನಡುವೆ ದೂಳು ಕಂಬಳಿಯಂತೆ ಕೂತಿರುತ್ತದೆ. ವರ್ಷಕ್ಕೆರಡು ಬಾರಿಯಾದರೂ ತೆಗೆಯಬೇಕು. ರಸ್ತೆ ಬದಿಯ ಮನೆಯಾದರೆ ಇನ್ನೂ ಹೆಚ್ಚು ಬಾರಿ. ಮೊದಲು ಪ್ಲಗ್ ಕಿತ್ತು ಕಂಪ್ಯೂಟರನ್ನು ಮನೆಯ ಹೊರಗೆ ತನ್ನಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಸ್ಥಿರ ವಿದ್ಯುತ್ ಸೇರುವುದರಿಂದ ಅದನ್ನು ಬೋರ್ಡಿನ ಹತ್ತಿರ ತರಬೇಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹೊರಗಿನಿಂದಲೇ ಗಾಳಿ ಊದಿ, ಸಾಕು.

ಎಲ್ಲಿಂದ ಶುರು ಮಾಡಬೇಕು?

ಹೊಸದೇನನ್ನೂ ಕೊಳ್ಳುವ ಮೊದಲು ಒಂದು ಸಂಜೆ ಈ ಪ್ರಯೋಗ ಮಾಡಿ. ಶೋಕೇಸಿನ ಬಾಗಿಲು ಮುಚ್ಚಿ ಅರ್ಧ ಗಂಟೆ ಸಿನಿಮಾ ಓಡಿಸಿ, ಪ್ರೊಸೆಸರಿನ ಉಷ್ಣತೆ ಬರೆದುಕೊಳ್ಳಿ. ಆಮೇಲೆ ಬಾಗಿಲು ತೆರೆದು ಅದೇ ಭಾಗವನ್ನು ಇನ್ನೊಮ್ಮೆ ಓಡಿಸಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ತೊಂದರೆ ಇರುವುದು ಮರಗೆಲಸದಲ್ಲಿ, ಕಂಪ್ಯೂಟರಿನಲ್ಲಲ್ಲ. ವ್ಯತ್ಯಾಸ ಇಲ್ಲದಿದ್ದರೆ ಹಾರ್ಡ್‌ವೇರ್ ಡಿಕೋಡಿಂಗ್, ದೂಳು, ಪೇಸ್ಟ್ ಈ ಕ್ರಮದಲ್ಲಿ ನೋಡುತ್ತ ಹೋಗಿ. ದೊಡ್ಡ ಫ್ಯಾನ್ ಕೊಳ್ಳುವುದು ಕೊನೆಯ ಮೆಟ್ಟಿಲು. ಹೊಸ ಕಂಪ್ಯೂಟರನ್ನೇ ಕೊಳ್ಳುವವರು ಸಿನಿಮಾಕ್ಕಷ್ಟೇ ಆದರೆ ಕಡಿಮೆ ವ್ಯಾಟಿನ ಚಿಪ್ ಆರಿಸಿಕೊಳ್ಳಿ. ಇಂಟೆಲ್‌ನ 2023ರ ಎನ್100ರಂಥ 6 ವ್ಯಾಟ್ ಗುರುತಿನ ಚಿಪ್ಪುಗಳಲ್ಲೂ ಎವಿ1 ಬಿಡಿಸುವ ಭಾಗವಿದೆ. ಇಂಥ ಚಿಪ್ಪಿಗೆ ಫ್ಯಾನೇ ಇಲ್ಲದ ಲೋಹದ ಕವಚವೂ ಸಾಕಾಗುತ್ತದೆ. ಆದರೆ ಅದನ್ನೂ ಮುಚ್ಚಿದ ಗೂಡಿನಲ್ಲಿಡಬೇಡಿ. ಅದರ ಮೈಯೇ ಹೀಟ್‌ಸಿಂಕ್, ಅದಕ್ಕೂ ಗಾಳಿ ಬೇಕು.

ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ್ದು ಇಷ್ಟೇ: ಪ್ಲೇಯರಿನಲ್ಲಿ ಒಂದು ಆಯ್ಕೆ ಬದಲಿಸಿದೆ, ಶೋಕೇಸಿನ ಹಿಂದಿನ ಹಲಗೆ ಬಿಚ್ಚಿದೆ, ಕಾಲುಗಳ ಕೆಳಗೆ ಹಳೆಯ ರಬ್ಬರ್ ಚಪ್ಪಲಿಯಿಂದ ಕತ್ತರಿಸಿದ ನಾಲ್ಕು ತುಂಡು ಇಟ್ಟೆ. ಖರ್ಚೇನೂ ಇಲ್ಲ. ಈಗ ಅಮ್ಮ ರಾತ್ರಿ ಊಟವಾದ ಮೇಲೆ ಹಳೆಯ ಸಿನಿಮಾ ಹಾಕಿಸಿಕೊಂಡು ಕೂರುತ್ತಾರೆ. ವಾಲ್ಯೂಮ್ ಮೊದಲಿಗಿಂತ ಕಡಿಮೆ ಇರುತ್ತದೆ. ನಡುನಡುವೆ "ಏನಂದ ಅವನು?" ಎಂದು ಕೇಳುವುದೂ ನಿಂತಿದೆ.